ಸ್ಟೆಪ್ನಿ ಹೋದ ಮೇಲೆ: ಸ್ಕೂಟರಿನ ಹಿಂದಿನ ಚಕ್ರದ ಕಥೆ

ಹೋದ ವಾರ ಮಳೆ ಬಿಟ್ಟೂ ಬಿಡದೆ ಹಿಡ್ಕೊಂಡಿತ್ತು. ರಾಗಿ ಹೊಲಕ್ಕೆ ಕಾಲಿಡೋ ಹಾಗಿರಲಿಲ್ಲ. ಬೆಳಗಿನ ಹಾಲು ಡೇರಿಗೆ ಹಾಕಿ ಬರುವಾಗ ಏರಿ ಇಳಿಜಾರಲ್ಲಿ ಸ್ಕೂಟರಿನ ಹಿಂದಿನ ಚಕ್ರ ಎರಡು ಸಲ ಜಾರಿತು. ಮನೆಗೆ ಬಂದು ನೋಡಿದರೆ ಟೈರು ಬೋಳಾಗಿದೆ. ನಡುವೆ ಒಂದು ಗೆರೆಯೂ ಉಳಿದಿಲ್ಲ. ಸರಿ, ಕೈ ಹೇಗೂ ಖಾಲಿ ಇದೆ, ಇವತ್ತು ಇದನ್ನೇ ಮಾಡೋಣ ಅಂತ ಕೊಟ್ಟಿಗೆ ಮುಂದೆ ಗೋಣಿಚೀಲ ಹಾಸ್ಕೊಂಡು ಕೂತೆ.

ಚಕ್ರ ಬಿಚ್ಚೋದಕ್ಕೇ ಒಂದೂವರೆ ಗಂಟೆ ಹಿಡಿಯಿತು. ನಮ್ಮಪ್ಪ ಪಕ್ಕದ ಕಲ್ಲಿನ ಮೇಲೆ ಕೂತು ನೋಡ್ತಾ ಇದ್ದವರು, "ನನ್ನ ಗಾಡೀಲಿ ಇದು ಬೀಡಿ ಸೇದೋ ಹೊತ್ತಿನ ಕೆಲಸ ಕಣೋ" ಅಂದರು. ಮಾತು ಚುಚ್ಚಿತು, ಆದರೆ ಸುಳ್ಳಲ್ಲ. ಅವರು ಡೇರಿ ದಾರಿಯಲ್ಲಿ, ಹಾಲಿನ ಕ್ಯಾನು ಕೆಳಗಿಳಿಸಿ, ಹತ್ತು ಹನ್ನೆರಡು ನಿಮಿಷದಲ್ಲಿ ಚಕ್ರ ಬದಲಾಯಿಸಿದ್ದನ್ನು ನಾನೇ ಚಿಕ್ಕವನಿದ್ದಾಗ ನೋಡಿದ್ದೇನೆ. ಗಾಡಿ ಹೊಸದಾದಷ್ಟೂ ಕೆಲಸ ಸುಲಭ ಆಗಬೇಕಲ್ವಾ? ಇಲ್ಲಿ ಯಾಕೆ ಉಲ್ಟಾ ಆಯ್ತು? ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ದೊಡ್ಡ ಕಥೆಯೇ ಇದೆ. ಬಿಡುವಾದಾಗ ಓದಿ, ಸ್ವಲ್ಪ ಉದ್ದ ಇದೆ.

ಮೊದಲು ನಮ್ಮ ಎತ್ತಿನ ಗಾಡಿಯಿಂದಲೇ ಶುರು ಮಾಡೋಣ. ಗಾಲಿ ಕಳಚೋದಕ್ಕೆ ನಮ್ಮ ತಾತನಿಗೆ ಏನು ಬೇಕಿತ್ತು? ಇರಚಿಗೆ ಒಂದು ಊರೆ ಕೊಡೋದು, ಕಡಾಣಿ ಕೀಳೋದು, ಗಾಲಿ ಎಳೆಯೋದು. ಕೀಲೆಣ್ಣೆ ಹಚ್ಚಿ ಮತ್ತೆ ಹಾಕೋದು. ಗಾಲಿಗೆ ಹಳಿ ಕಟ್ಟೋದು ಕಮ್ಮಾರನ ಕೆಲಸ. ಬೆರಣಿ ಬೆಂಕೀಲಿ ಹಳಿ ಕೆಂಪಗೆ ಕಾಸಿ, ಗಾಲಿಗೆ ತೊಡಿಸಿ, ನೀರು ಹುಯ್ದು ಬಿಗಿ ಮಾಡಬೇಕು. ಆದರೆ ಗಾಲಿ ಕಳಚೋದು ಮಾತ್ರ ಯಾವತ್ತೂ ಗಾಡಿ ಹೊಡೆಯೋನ ಕೈಲೇ ಇತ್ತು. ಗಾಡಿ ಎಲ್ಲಿ ನಿಂತರೂ ಅಲ್ಲೇ ಬಿಚ್ಚಿ ಅಲ್ಲೇ ಹಾಕಬಹುದಿತ್ತು. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಗಾಳಿ ತುಂಬಿದ ಟೈರು ಬಂದಾಗ ಈ ಸುಲಭ ಹೋಯ್ತು. ಅದನ್ನು ಬಳಕೆಗೆ ತಂದವರು ಒಬ್ಬ ದನದ ಡಾಕ್ಟರು. ಹೌದು, ಜಾನ್ ಬಾಯ್ಡ್ ಡನ್ಲಪ್ ಅನ್ನೋರು ಬೆಲ್‌ಫಾಸ್ಟ್ ಊರಿನಲ್ಲಿ ಪಶುವೈದ್ಯರಾಗಿದ್ದವರು. ಮಗನ ಮೂರು ಚಕ್ರದ ಸೈಕಲ್ಲು ಕಲ್ಲು ರಸ್ತೆಯಲ್ಲಿ ಕುಲುಕಾಡ್ತಿತ್ತು ಅಂತ ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. 1888ರಲ್ಲಿ ಪೇಟೆಂಟ್ ತಗೊಂಡರು. ಕುಲುಕಾಟವೇನೋ ನಿಂತಿತು. ಆದರೆ ಆ ಟೈರು ರಿಮ್ಮಿಗೆ ಅಂಟಿಸಿದ್ದು. ಮುಳ್ಳು ಚುಚ್ಚಿದರೆ ಅಂಟು ಕೆರೆದು ಕೀಳಬೇಕು, ತೂತು ಮುಚ್ಚಬೇಕು, ಮತ್ತೆ ಅಂಟಿಸಿ ಒಣಗೋವರೆಗೆ ಕಾಯಬೇಕು.

1889ರಲ್ಲಿ ಫ್ರಾನ್ಸಿನ ಕ್ಲೆರ್ಮೊನ್ ಫೆರಾನ್ ಊರಿನ ಒಂದು ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಪಂಚರ್ ಆದ ಇಂಥದೇ ಟೈರು ಹಿಡ್ಕೊಂಡು ಬಂದ. ಆ ಕಾರ್ಖಾನೆ ಮೊದಲು ರಬ್ಬರ್ ಸಾಮಾನಿನ ಜೊತೆ ಕೃಷಿ ಯಂತ್ರಗಳನ್ನೂ ಮಾಡ್ತಿದ್ದ ಮನೆತನದ್ದು. ನಡೆಸ್ತಿದ್ದವರು ಮಿಶೆಲಿನ್ ಅಣ್ಣತಮ್ಮಂದಿರು. ಟೈರು ಕಿತ್ತು ಸರಿ ಮಾಡೋಕೆ ಗಂಟೆಗಟ್ಟಲೆ ಆಯ್ತು, ಅಂಟು ಒಣಗೋಕೆ ರಾತ್ರಿ ಪೂರ್ತಿ ಬೇಕಾಯ್ತು. ಬೆಳಗ್ಗೆ ಓಡಿಸಿ ನೋಡಿದರೆ ಸ್ವಲ್ಪ ದೂರಕ್ಕೇ ಮತ್ತೆ ಗಾಳಿ ಹೋಯ್ತು. ಅವರಿಗೆ ಹೊಳೆದದ್ದು ಒಂದೇ: ಗಾಳಿ ಟೈರು ಒಳ್ಳೇದೇ, ಆದರೆ ಸವಾರನೇ ದಾರೀಲಿ ಬಿಚ್ಚಿ ಹಾಕೋ ಹಾಗಿಲ್ಲದಿದ್ದರೆ ಪ್ರಯೋಜನ ಇಲ್ಲ. 1891ರಲ್ಲಿ ಕಳಚಬಹುದಾದ ಟೈರಿಗೆ ಪೇಟೆಂಟ್ ತಗೊಂಡರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರೋ ಸುಮಾರು 1200 ಕಿಲೋಮೀಟರ್ ಸೈಕಲ್ ಪಂದ್ಯ ನಡೆದಾಗ ಶಾರ್ಲ್ ತೆರೋನ್ ಅನ್ನೋ ಸವಾರ ಅದೇ ಟೈರು ಹಾಕ್ಕೊಂಡು ಗೆದ್ದ.

ಮುಂದೆ ಕಾರು ಬಂತು. ಆಗಿನ ಕಾರಿಗೆ ಹೆಚ್ಚುವರಿ ಚಕ್ರ ಅಂತ ಇರಲಿಲ್ಲ. ಪಂಚರ್ ಆದರೆ ರಸ್ತೆ ಬದೀಲೇ ಕೂತು ಟೈರು ಬಿಡಿಸಿ ತೇಪೆ ಹಾಕಬೇಕು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಸೀಮೆಯ ಲನೆಲ್ಲಿ ಊರಲ್ಲಿ ಡೇವಿಸ್ ಅನ್ನೋ ಅಣ್ಣತಮ್ಮಂದಿರು ಒಂದು ಉಪಾಯ ಮಾಡಿದರು. ಕಡ್ಡಿ ಇಲ್ಲದ ಬರೀ ರಿಮ್ಮಿಗೆ ಗಾಳಿ ತುಂಬಿದ ಟೈರು ಹಾಕಿ ರೆಡಿ ಇಟ್ಕೊಳ್ಳೋದು. ಪಂಚರ್ ಆದರೆ ಆ ಚಕ್ರದ ಪಕ್ಕಕ್ಕೆ ಇದನ್ನು ಕ್ಲ್ಯಾಂಪ್ ಹಾಕಿ ಬಿಗಿದು ಊರು ಸೇರೋದು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದೀಲಿ. ಹಾಗಾಗಿ ಅದಕ್ಕೆ ಸ್ಟೆಪ್ನಿ ಚಕ್ರ ಅಂತಲೇ ಹೆಸರಾಯ್ತು. ಆ ಕಂಪನಿ ಹೋಗಿ ಎಷ್ಟೋ ಕಾಲ ಆಯ್ತು. ಇವತ್ತು ಇಂಗ್ಲೆಂಡಿನಲ್ಲಿ ಸ್ಟೆಪ್ನಿ ಅಂದರೆ ಹೆಚ್ಚಿನವರಿಗೆ ಅರ್ಥ ಆಗಲ್ಲ. ನಮ್ಮಲ್ಲಿ ಲಾರಿ ಕ್ಲೀನರ್ ಹುಡುಗನಿಗೂ ಗೊತ್ತು. ಎಲ್ಲಿಯದೋ ಒಂದು ಬೀದಿ ಹೆಸರು ನಮ್ಮ ಮಾತಾಗಿ ಉಳ್ಕೊಂಡಿದೆ.

ಈಗ ಸ್ಕೂಟರಿಗೆ ಬರೋಣ. ಎರಡನೇ ಮಹಾಯುದ್ಧ ಮುಗಿದಾಗ ಇಟಲಿಯ ಪಿಯಾಜಿಯೋ ಕಂಪನಿಗೆ ಕೆಲಸ ಇರಲಿಲ್ಲ. ಅವರು ವಿಮಾನ ಮಾಡ್ತಿದ್ದವರು, ಪೊಂತೆದೇರಾ ಊರಿನ ಕಾರ್ಖಾನೆ ಬಾಂಬಿಗೆ ಹಾಳಾಗಿತ್ತು. ಜನರಿಗೆ ಓಡಾಡೋಕೆ ಅಗ್ಗದ ಗಾಡಿ ಬೇಕಿತ್ತು. ಯಜಮಾನ ಎನ್ರಿಕೋ ಪಿಯಾಜಿಯೋ ಆ ಕೆಲಸವನ್ನು ಕೊರಾದಿನೋ ದಾಸ್ಕಾನಿಯೋ ಅನ್ನೋ ಎಂಜಿನಿಯರಿಗೆ ಕೊಟ್ಟರು. ಈ ಮನುಷ್ಯ ಹೆಲಿಕಾಪ್ಟರ್ ಮಾಡಿ 1930ರಲ್ಲೇ ದಾಖಲೆ ಬರೆದವರು. ಮೋಟಾರ್ ಬೈಕು ಕಂಡರೆ ಅವರಿಗಾಗ್ತಿರಲಿಲ್ಲ. ಅವರ ದೂರು ಇವು: ಕೂರೋಕೆ ಸುಖ ಇಲ್ಲ, ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತೆ, ಪಂಚರ್ ಆದರೆ ಚಕ್ರ ಬಿಚ್ಚೋದು ಕಷ್ಟ. ಈ ಮೂರನ್ನೂ ತೆಗೆದುಹಾಕೋ ಹಾಗೆ ಗಾಡಿ ಮಾಡಿದರು. 1946ರ ಏಪ್ರಿಲ್ 23ರಂದು ವೆಸ್ಪಾ ಹೆಸರಿನ ಆ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ವೆಸ್ಪಾ ಅಂದರೆ ಇಟಲಿ ಮಾತಲ್ಲಿ ಕಣಜ.

ಚಕ್ರಕ್ಕೆ ಅವರು ಮಾಡಿದ್ದು ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಬೈಕಿನ ಚಕ್ರಕ್ಕೆ ಎರಡೂ ಕಡೆ ಹಿಡಿತ ಇರುತ್ತೆ, ನಡುವೆ ಆಕ್ಸಲ್ ಹಾಯ್ದಿರುತ್ತೆ. ಚಕ್ರ ಬೇಕಂದರೆ ಆಕ್ಸಲ್ ಎಳೀಬೇಕು, ಚೈನ್ ಬಿಡಿಸಬೇಕು. ವೆಸ್ಪಾದಲ್ಲಿ ಮುಂದಿನ ಚಕ್ರವನ್ನು ವಿಮಾನದ ಗಾಲಿ ಹಾಗೆ ಒಂದೇ ಕಡೆ ತೋಳಿಗೆ ಹಿಡಿಸಿದರು. ಹಿಂದಿನ ಚಕ್ರವನ್ನು ನೇರ ಗೇರ್ ಪೆಟ್ಟಿಗೆಯಿಂದ ಬರೋ ತುದಿಗೆ ಕೂರಿಸಿದರು, ಚೈನೇ ಇಲ್ಲ. ಬ್ರೇಕ್ ಡ್ರಮ್ಮು ಆ ತುದಿಯಲ್ಲೇ ಉಳಿಯುತ್ತೆ, ಅದರ ಮೇಲೆ ರಿಮ್ಮು ಬರೀ ನಾಲ್ಕೈದು ನಟ್ಟಿನಲ್ಲಿ ನಿಂತಿರುತ್ತೆ. ಕಾರಿನ ಚಕ್ರದ ಹಾಗೆ. ಎಂಜಿನ್ ಮುಟ್ಟೋ ಹಾಗಿಲ್ಲ, ಬ್ರೇಕ್ ಮುಟ್ಟೋ ಹಾಗಿಲ್ಲ, ನಟ್ಟು ತೆಗೆ, ಚಕ್ರ ತೆಗೆ. ಎತ್ತಿನ ಗಾಡಿ ಕಡಾಣಿ ಮತ್ತೆ ಸಿಕ್ಕಿತು ಅಂತ ಇಟ್ಕೊಳ್ಳಿ.

ಇನ್ನೊಂದು ಜಾಣತನ ರಿಮ್ಮಿನಲ್ಲಿದೆ. ರಿಮ್ಮು ಎರಡು ಹೋಳು, ಮಡಕೆ ಮುಚ್ಚಳದ ಥರ ಒಂದಕ್ಕೊಂದು ಬೋಲ್ಟಿನಲ್ಲಿ ಸೇರಿರುತ್ತೆ. ಟೈರು ಬದಲಾಯಿಸೋಕೆ ಲಿವರ್ ಹಾಕಿ ಮೀಟಬೇಕಿಲ್ಲ. ಹೋಳು ಬಿಡಿಸಿದರೆ ಟೈರು, ಟ್ಯೂಬು ತಾನೇ ಕೈಗೆ ಬರುತ್ತೆ.

ನಮ್ಮ ದೇಶಕ್ಕೆ ಈ ಗಾಡಿ ಬಜಾಜ್‌ನವರ ಮೂಲಕ ಬಂತು. 1948ರ ಹೊತ್ತಿಗೆ ತರಿಸಿ ಮಾರೋದು ಶುರುವಾಯ್ತು, 1960ರ ಸುಮಾರಿಗೆ ಲೈಸೆನ್ಸ್ ಮೇಲೆ ಇಲ್ಲೇ ಮಾಡೋದು ಶುರುವಾಯ್ತು. 1971ರಲ್ಲಿ ಇಟಲಿಯವರ ಒಪ್ಪಂದ ಮುಗಿಯಿತು. 1972ರಲ್ಲಿ ಅದೇ ಮಾದರಿಯಲ್ಲಿ ಚೇತಕ್ ಬಂತು, ರಾಣಾ ಪ್ರತಾಪನ ಕುದುರೆ ಹೆಸರು. ಬುಕ್ ಮಾಡಿ ವರ್ಷಗಟ್ಟಲೆ ಕಾಯೋ ಕಾಲ ಅದು. ಮದುವೆ ಮಾತುಕತೆಯಲ್ಲಿ ಸ್ಕೂಟರ್ ಹೆಸರು ಬರ್ತಿತ್ತು ಅಂತ ನಮ್ಮಪ್ಪ ಹೇಳ್ತಾರೆ. ಇಟಲಿಯ ಇನ್ನೊಂದು ಸ್ಕೂಟರ್ ಲ್ಯಾಂಬ್ರೆಟ್ಟಾದ ಯಂತ್ರಗಳನ್ನು ಸರ್ಕಾರವೇ ಕೊಂಡು ಲಕ್ನೋದಲ್ಲಿ ವಿಜಯ್ ಸೂಪರ್ ಮಾಡಿಸ್ತು.

ಇಟಲಿಯವರು ಯೋಚಿಸಿದ್ದು ತಮ್ಮ ರಸ್ತೆಗೆ. ಅದು ನಿಜವಾಗಿ ಕೆಲಸಕ್ಕೆ ಬಂದದ್ದು ನಮ್ಮ ಜಾಲಿಮುಳ್ಳಿನ ದಾರಿಗೆ. ಎರಡೂ ಚಕ್ರ ಒಂದೇ ಅಳತೆ, ಹಾಗಾಗಿ ಹಿಂದೆ ಕಟ್ಟಿದ ಒಂದೇ ಸ್ಟೆಪ್ನಿ ಯಾವುದಕ್ಕಾದರೂ ಆಗ್ತಿತ್ತು. ನಮ್ಮಪ್ಪನ ವಿಧಾನ ಹೀಗೆ: ಪೆಟ್ರೋಲ್ ಕಾಕ್ ಬಂದ್ ಮಾಡೋದು, ಗಾಡಿ ನೆಟ್ಟಗಿರುವಾಗಲೇ ಐದು ನಟ್ಟು ಅರ್ಧ ಸುತ್ತು ಸಡಿಲ ಮಾಡೋದು, ಆಮೇಲೆ ಮಗ್ಗುಲಿಗೆ ವಾಲಿಸಿ ಕಲ್ಲಿಗೆ ಒರಗಿಸೋದು. ನಟ್ಟು ತೆಗೆದು ಟೋಪಿಯೊಳಗೆ ಹಾಕೋದು, ನೆಲದ ಮೇಲಲ್ಲ. ಸ್ಟೆಪ್ನಿ ಹಾಕಿ ನಟ್ಟನ್ನು ಒಂದು ಬಿಟ್ಟು ಒಂದು ಬಿಗಿಯೋದು. ಒಂದೇ ಕಡೆಯಿಂದ ಬಿಗಿದರೆ ಚಕ್ರ ಓರೆ ಕೂರುತ್ತೆ. ಕೊನೆಗೆ ಗಾಡಿ ನೆಟ್ಟಗೆ ನಿಲ್ಲಿಸಿ ಇನ್ನೊಂದು ಸಲ ಬಿಗಿಯೋದು.

ಆದರೆ ಈ ಜಾಣತನದಲ್ಲೇ ಒಂದು ಅಪಾಯ ಇದೆ. ಇದನ್ನು ಹೇಳೋಕೇ ಅರ್ಧ ಈ ಬರಹ ಬರೀತಿರೋದು. ಆ ರಿಮ್ಮಿನಲ್ಲಿ ಎರಡು ಜಾತಿ ನಟ್ಟು ಇವೆ. ಗುಂಬಕ್ಕೆ ಹತ್ತಿರ ಇರೋದು ಚಕ್ರವನ್ನು ಡ್ರಮ್ಮಿಗೆ ಹಿಡಿಯೋ ನಟ್ಟು. ಅದರ ಹೊರಗಿರೋದು ರಿಮ್ಮಿನ ಎರಡು ಹೋಳು ಹಿಡಿಯೋ ನಟ್ಟು. ನೋಡೋಕೆ ಒಂದೇ ಥರ, ಒಂದೇ ಪಾನಾ ಹತ್ತುತ್ತೆ. ನನ್ನ ದೊಡ್ಡಪ್ಪನ ಮಗ, ಆಗ ಹದಿನೇಳು ವರ್ಷ, ಸ್ಟೆಪ್ನಿ ಟೈರು ಬದಲಾಯಿಸ್ತೀನಿ ಅಂತ ಗಾಳಿ ಬಿಡದೆ ಹೋಳಿನ ನಟ್ಟು ಬಿಚ್ಚಿದ. ನಾಲ್ಕು ಬಂದವು. ಐದನೆಯದು ಕೊನೆ ಎಳೆಗೆ ಬಂದಾಗ ಢಂ ಅಂತು. ಕೊಟ್ಟಿಗೆಯಲ್ಲಿದ್ದ ದನ ಹಗ್ಗ ಕಿತ್ಕೊಂಡು ಓಡಿದವು. ರಿಮ್ಮಿನ ಹೋಳು ಅವನ ದವಡೆಗೆ ಬಡಿದಿತ್ತು. ಮೂರು ಹಲ್ಲು ಹೋಯ್ತು, ದವಡೆಗೆ ತಂತಿ ಕಟ್ಟಿ ಎರಡು ತಿಂಗಳು ಗಂಜಿ ಕುಡಿದ. ಈಗಲೂ ಅವನು ರಾಗಿಮುದ್ದೆ ಎಡಗಡೆಯಿಂದಲೇ ನುಂಗೋದು. ಮುಖ ಇನ್ನು ಅರ್ಧ ಅಡಿ ಮುಂದಿದ್ದಿದ್ದರೆ ಇವತ್ತು ಅವನು ಇರ್ತಿರಲಿಲ್ಲ.

ಅಷ್ಟು ಬಲ ಎಲ್ಲಿಂದ ಬಂತು ಅಂತೀರಾ? ಲೆಕ್ಕ ಸುಲಭ. ಗಾಳಿ ಒತ್ತಡ ಚದರ ಇಂಚಿಗೆ 30 ಪೌಂಡು. ರಿಮ್ಮಿನ ಹೋಳಿಗೆ ಗಾಳಿ ಒತ್ತೋ ಜಾಗ ಅಂದಾಜಿಗೆ 20 ಚದರ ಇಂಚು ಅಂತ ಹಿಡಿದರೂ 600 ಪೌಂಡು ಆಯ್ತು. ಅಂದರೆ ಎರಡೂವರೆ ಕ್ವಿಂಟಾಲಿಗೂ ಮೇಲೆ. ಅಷ್ಟು ಭಾರವನ್ನು ಹಿಡ್ಕೊಂಡಿರೋದು ಆ ಐದು ನಟ್ಟು. ನಮ್ಮ ಸುತ್ತಮುತ್ತ ಇಂಥ ಹಳೇ ಗೇರ್ ಸ್ಕೂಟರು ಇನ್ನೂ ಎಷ್ಟೋ ಇವೆ, ಕ್ಯಾನು ಕಟ್ಕೊಂಡು ಡೇರಿಗೆ ಬರ್ತವೆ. ಮಕ್ಕಳ ಕೈಗೆ ಪಾನಾ ಕೊಡೋ ಮುಂಚೆ ಇದೊಂದು ಹೇಳಿ: ಹೋಳು ಬಿಡಿಸೋ ಮೊದಲು ವಾಲ್ವಿನ ಪಿನ್ನು ಪೂರಾ ತೆಗೀಬೇಕು. ಪಂಚರ್ ಆಗಿರೋ ಚಕ್ರ ಆದರೂ ಸರಿ. ಟೈರು ಕೈಲಿ ಹಿಸುಕಿದರೆ ಮೆತ್ತಗೆ ಒಳಗೆ ಹೋಗಬೇಕು, ಆಮೇಲೆ ನಟ್ಟು.

ಈಗ ನನ್ನ ಒಂದೂವರೆ ಗಂಟೆಗೆ ಬರ್ತೀನಿ. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು, ಗೇರು ಹಾಕೋ ಗೋಜಿಲ್ಲ, ಬಟನ್ ಒತ್ತಿದರೆ ಸ್ಟಾರ್ಟು. 2001ರಲ್ಲಿ ಆಕ್ಟಿವಾ ಬಂತು. ಆಮೇಲೆ ಆ ಹಳೇ ಗೇರ್ ಚೇತಕ್ ಮಾಡೋದು ನಿಂತಿತು. ಈಗ ಕೋಲಾರದ ನರಸಾಪುರದಲ್ಲೇ ಹೋಂಡಾ ಕಾರ್ಖಾನೆ ಇದೆ. ಗೇರಿಲ್ಲದ ಗಾಡಿ ನಮ್ಮ ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರ ದೊಡ್ಡದು. ನನ್ನ ಹೆಂಡತಿ ಹಾಲು ಹಾಕಿ, ಮಗಳನ್ನು ಶಾಲೆಗೆ ಬಿಟ್ಟು ಬರ್ತಾಳೆ, ನಮ್ಮಮ್ಮನಿಗೆ ಅದು ಸಾಧ್ಯ ಇರಲಿಲ್ಲ. ಅದನ್ನು ನಾನು ಬೈಯಲ್ಲ.

ಆದರೆ ಸೀಟಿನ ಕೆಳಗೆ ಡಬ್ಬಿ ಬಂತು, ಸ್ಟೆಪ್ನಿ ಹೋಯ್ತು. ರಿಮ್ಮಿನ ಹೋಳೂ ಹೋಯ್ತು, ಒಂದೇ ತುಂಡಾಯ್ತು. ನನ್ನ ಗಾಡಿಯಂಥವುಗಳಲ್ಲಿ ರಿಮ್ಮು, ಡ್ರಮ್ಮು ಎರಡೂ ಸೇರಿ ಒಂದೇ. ನಡುವೆ ಹಲ್ಲು ಹಲ್ಲಾಗಿರೋ ಆಕ್ಸಲ್ಲಿಗೆ ಅದು ಕೂರುತ್ತೆ, ಒಂದು ದೊಡ್ಡ ನಟ್ಟು ಹಿಡಿಯುತ್ತೆ. ಅದರ ಮುಂದೆ ಸೈಲೆನ್ಸರ್ ಅಡ್ಡ. ಟ್ಯೂಬ್‌ಲೆಸ್ ಟೈರು ಬಂದ ಮೇಲೆ ಸಣ್ಣ ಪಂಚರ್‌ಗೆ ಚಕ್ರ ಬಿಚ್ಚೋ ಕೆಲಸ ಇಲ್ಲ, ಹೊರಗಿಂದಲೇ ಬತ್ತಿ ತುರುಕಬಹುದು, ಅದು ನಿಜ. ಆದರೆ ಟೈರೇ ಬದಲಾಯಿಸಬೇಕು ಅಂದರೆ ಪೂರಾ ಬಿಚ್ಚಲೇಬೇಕು. ಈಗ ಕೆಲವು ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಮೋಟರೇ ಹಿಂದಿನ ಚಕ್ರದ ಗುಂಬದೊಳಗಿದೆ, ಚಕ್ರದಿಂದ ವೈರು ಹೊರಗೆ ಬಂದಿರುತ್ತೆ. ಅದನ್ನು ನಮ್ಮಂಥವರು ರಸ್ತೇಲಿ ಮುಟ್ಟೋ ಮಾತೇ ಇಲ್ಲ.

ಹಾಗಾದರೆ ಅಂಗಡಿಗೇ ಕೊಡಬಹುದಲ್ಲ ಅಂತ ಕೇಳಬಹುದು. ಕೊಟ್ಟಿದ್ದೆ. ಹಿಂದಿನ ಸಲ ಒಂದು ಕಡೆ ಟೈರು ಹಾಕಿಸಿದೆ, ಆ ದೊಡ್ಡ ನಟ್ಟು ಸರಿಯಾಗಿ ಬಿಗಿದಿರಲಿಲ್ಲ. ನಾನೂ ನೋಡಲಿಲ್ಲ. ಮೂರು ವಾರ ಆದ ಮೇಲೆ ಕೆರೆ ಏರಿ ಮೇಲೆ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದ್ದೆ. ಎಂಜಿನ್ ಕೂಗ್ತಿದೆ, ಗಾಡಿ ಮುಂದಕ್ಕೆ ಹೋಗ್ತಿಲ್ಲ. ಚಕ್ರ ಆಡಿ ಆಡಿ ರಿಮ್ಮಿನ ನಡುವಿನ ಹಲ್ಲೆಲ್ಲ ಸವೆದು ಬೋಳಾಗಿತ್ತು. ಬ್ರೇಕ್ ಡ್ರಮ್ಮೂ ಅದರಲ್ಲೇ ಇರೋದು. ನಟ್ಟು ಪೂರಾ ಬಂದುಬಿಟ್ಟಿದ್ದರೆ ಚಕ್ರವೂ ಇಲ್ಲ, ಹಿಂದಿನ ಬ್ರೇಕೂ ಇಲ್ಲ, ಪಕ್ಕದಲ್ಲಿ ಕೆರೆ. ಅವತ್ತೇ ಅಂದ್ಕೊಂಡೆ, ಈ ನಟ್ಟು ಇನ್ಮೇಲೆ ನನ್ನ ಕೈಯಿಂದಲೇ ಬಿಗಿಯಬೇಕು.

ನಾನು ಮಾಡಿದ ಕ್ರಮ ಬರೀತೀನಿ. ನಿಮ್ಮ ಗಾಡಿ ಸ್ವಲ್ಪ ಬೇರೆ ಇರಬಹುದು, ನೋಡ್ಕೊಂಡು ಮಾಡಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಹಿಂದಿನ ರಾತ್ರಿಯೇ ಸೈಲೆನ್ಸರಿನ ನಟ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಎಂಜಿನ್ ಹತ್ತಿರದ ಸಣ್ಣ ಎರಡು ನಟ್ಟು ಒಣಗಿದ್ದಾಗ ಬಲ ಹಾಕಿದರೆ ಸ್ಟಡ್ಡೇ ಮುರಿಯುತ್ತೆ, ಆಗ ಖರ್ಚು ಟೈರಿಗಿಂತ ಹೆಚ್ಚು. ನನ್ನ ಒಂದೂವರೆ ಗಂಟೆಯಲ್ಲಿ ಮುಕ್ಕಾಲು ಗಂಟೆ ಅಲ್ಲೇ ಹೋಯ್ತು. ಸೈಲೆನ್ಸರ್ ತೆಗೆದ ಮೇಲೆ ಒಬ್ಬರು ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡೀಬೇಕು, ಇನ್ನೊಬ್ಬರು ಉದ್ದ ಹಿಡಿಯ ಪಾನಾದಲ್ಲಿ ದೊಡ್ಡ ನಟ್ಟು ಬಿಡಿಸಬೇಕು. ಇಲ್ಲಿ ಗೇರಿಲ್ಲ, ಹಾಗಾಗಿ ಬ್ರೇಕ್ ಹಿಡಿಯದಿದ್ದರೆ ಚಕ್ರ ಸುಮ್ಮನೆ ತಿರುಗುತ್ತೆ. ನಟ್ಟು, ವಾಷರು ಬಂದ ಕ್ರಮದಲ್ಲೇ ಬಟ್ಟೆ ಮೇಲೆ ಜೋಡಿಸಿಡಿ. ಆಮೇಲೆ ಬ್ರೇಕ್ ಬಿಟ್ಟು ಚಕ್ರವನ್ನು ನೇರ ಹೊರಗೆ ಎಳೀಬೇಕು. ಬ್ರೇಕ್ ಶೂ ಗಾಡಿಯಲ್ಲೇ ಉಳಿಯುತ್ತೆ. ಅಲ್ಲಿರೋ ಕಪ್ಪು ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಟೈರನ್ನು ಮನೇಲಿ ಮೀಟಿ ತೆಗೆಯೋಕೆ ಹೋಗಲಿಲ್ಲ. ಟ್ಯೂಬ್‌ಲೆಸ್ ಟೈರಿನ ಅಂಚು ಅಂಗಡಿಯ ಗಾಳಿ ಯಂತ್ರ ಇಲ್ಲದೆ ಸರಿಯಾಗಿ ಕೂರಲ್ಲ. ಬರೀ ಚಕ್ರವನ್ನು ಚೀಲಕ್ಕೆ ಹಾಕ್ಕೊಂಡು ಬಸ್ಸಿನಲ್ಲಿ ಪೇಟೆಗೆ ಹೋಗಿ ಹಾಕಿಸ್ಕೊಂಡು ಬಂದೆ. ಟೈರಿನ ಪಕ್ಕ ಬಾಣದ ಗುರುತು ಇರುತ್ತೆ, ಚಕ್ರ ಮುಂದಕ್ಕೆ ಉರುಳೋ ಕಡೆ ಅದು ಇರಬೇಕು, ಅಲ್ಲೇ ನೋಡ್ಕೊಳ್ಳಿ.

ವಾಪಸ್ ಹಾಕುವಾಗ ಆಕ್ಸಲ್ ಹಲ್ಲಿಗೆ ಗ್ರೀಸ್ ಬೆರಳಲ್ಲಿ ಸವರಿದಷ್ಟೇ ಸಾಕು, ಬ್ರೇಕ್ ಶೂಗೆ ಒಂದು ಹನಿ ತಗುಲಬಾರದು. ರಿಮ್ಮಿನ ನಡುವಿನ ಹಲ್ಲು ಸವೆದಿದೆಯಾ ನೋಡಿ. ಚಕ್ರ ಹಾಕಿ, ವಾಷರ್ ಹಾಕಿ, ನಟ್ಟನ್ನು ಮೊದಲು ಕೈಲಿ ತಿರುಗಿಸಿ, ಆಮೇಲೆ ಬ್ರೇಕ್ ಹಿಡಿಸಿ ಪಾನಾದಲ್ಲಿ ಬಿಗಿಯಿರಿ. ಎಷ್ಟು ಬಿಗಿ ಅನ್ನೋದು ಗಾಡಿ ಪುಸ್ತಕದಲ್ಲಿ ಇರುತ್ತೆ, ಅಳತೆ ತೋರಿಸೋ ಪಾನಾ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಗೊತ್ತಿರೋ ಮೆಕ್ಯಾನಿಕ್ ಹತ್ರ ನಿಧಾನಕ್ಕೆ ಹೋಗಿ ಒಂದು ಸಲ ಬಿಗಿಸಿ. ಸೈಲೆನ್ಸರ್ ಬಾಯಿಗೆ ಹೊಸ ಗ್ಯಾಸ್ಕೆಟ್ ಹಾಕಿ, ಇಲ್ಲಾಂದ್ರೆ ಪಟಪಟ ಸದ್ದು ಬರುತ್ತೆ. ಎರಡು ದಿನ ಓಡಿಸಿ ಮತ್ತೊಮ್ಮೆ ನಟ್ಟು ನೋಡಿ. ಚಕ್ರವನ್ನು ಎರಡೂ ಕೈಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರೆ ಆಡಬಾರದು.

ವಾಪಸ್ ಹಾಕೋಕೆ ನನಗೆ ಮುಕ್ಕಾಲು ಗಂಟೆ ಆಯ್ತು. ಸಂಜೆ ಹಾಲಿಗೆ ಹೊತ್ತಿಗೆ ಸರಿಯಾಗಿ ಹೋದೆ. ಅಪ್ಪ ಹಿಂದೆ ಕೂತಿದ್ದರು, ಇಳಿಜಾರಲ್ಲಿ ಚಕ್ರ ಜಾರಲಿಲ್ಲ. ಡೇರಿ ಹತ್ರ ಇಳಿದು ಅವರೇ ಬಗ್ಗಿ ನಟ್ಟು ಮುಟ್ಟಿ ನೋಡಿದರು, ಏನೂ ಹೇಳಲಿಲ್ಲ.

ಡನ್ಲಪ್ಪನವರ ಟೈರು ನಮಗೆ ಸುಖ ಕೊಟ್ಟಿತು, ಆದರೆ ಚಕ್ರವನ್ನು ಸವಾರನ ಕೈಯಿಂದ ತಗೊಂಡು ಹೋಯ್ತು. ಮಿಶೆಲಿನ್‌ನವರು, ಡೇವಿಸ್‌ನವರು, ದಾಸ್ಕಾನಿಯೋ ಅದನ್ನು ವಾಪಸ್ ಕೊಟ್ಟರು. ಈಗ ಇನ್ನೊಂದು ಸುಖದ ಜೊತೆ ಮತ್ತೆ ಹೋಗಿದೆ. ಪೇಟೆಯಲ್ಲಿ ಇರೋರಿಗೆ ಇದು ದೊಡ್ಡ ವಿಷಯ ಅಲ್ಲ, ಬೀದಿಗೊಂದು ಅಂಗಡಿ ಇದೆ. ನಮಗೆ ಹತ್ತು ಹನ್ನೆರಡು ಕಿಲೋಮೀಟರ್ ದೂರ, ಬೆಳಗಿನ ಡೇರಿ ಗಂಟೆ ಯಾರಿಗೂ ಕಾಯಲ್ಲ. ಊರಿಗೆ ಇಬ್ಬರಾದರೂ ಕಲಿತಿರಬೇಕು ಅನ್ನೋದು ನನ್ನ ಮಾತು.

ದೊಡ್ಡ ನಟ್ಟಿನ ಬಾಕ್ಸ್ ಪಾನಾ, ಉದ್ದ ಹಿಡಿ ಎರಡೂ ನಮ್ಮ ಕೊಟ್ಟಿಗೆ ಗೂಡಲ್ಲಿ ಇಟ್ಟಿದ್ದೀನಿ. ಯಾರಿಗೆ ಬೇಕೋ ಬಂದು ತಗೊಂಡು ಹೋಗಿ, ಸಂಜೆಗೆ ತಂದಿಡಿ. ಮೊದಲ ಸಲ ಮಾಡೋರು ಇದ್ದರೆ ಹೇಳಿ, ಬ್ರೇಕ್ ಹಿಡಿಯೋಕೆ ನಾನು ಬರ್ತೀನಿ.